ಕಲ್ನಾರಿನ ಎಳೆ, ನೆತ್ತರಿನ ಕಬ್ಬಿಣ

— ಕಲ್ನಾರಿನಿಂದ ಬರುವ ಶ್ವಾಸಕೋಶದ ಕಾಯಿಲೆಗಳ ಹಿಂದೆ ಕಬ್ಬಿಣದ ಕೈವಾಡವಿದೆ ಎಂದು ಪ್ರಯೋಗಾಲಯಗಳು ತೋರಿಸಿವೆ. ಇದನ್ನು ಒಪ್ಪುವುದಾದರೆ ಮುಂದಿನ ಮಾತನ್ನೂ ಒಪ್ಪಬೇಕಲ್ಲವೇ? ನೀಲಿ ಕಲ್ನಾರು, ಅಂದರೆ ಕ್ರೊಸಿಡೊಲೈಟ್, ತನ್ನ ತೂಕದ ಕಾಲು ಭಾಗಕ್ಕೂ ಮಿಕ್ಕಿ ಕಬ್ಬಿಣವನ್ನೇ ಹೊತ್ತಿದೆ. ಕಂದು ಕಲ್ನಾರಾದ ಅಮೊಸೈಟ್ ಕೂಡ ಹಾಗೆಯೇ. ನಮ್ಮಲ್ಲಿ ಚಾವಣಿ ಶೀಟುಗಳಿಗೆ ಬಳಸುವುದು ಬಿಳಿ ಕಲ್ನಾರು, ಕ್ರೈಸೊಟೈಲ್. ಅದು ಮೂಲತಃ ಮೆಗ್ನೀಸಿಯಂ ಮತ್ತು ಸಿಲಿಕಾ ಸೇರಿದ ಖನಿಜ. ಅದರಲ್ಲಿ ಕಬ್ಬಿಣ ಇದ್ದರೂ ನೂರಕ್ಕೆ ಕೆಲವೇ ಪಾಲು, ಅದೂ ಮೆಗ್ನೀಸಿಯಂ ಇರಬೇಕಾದ ಜಾಗದಲ್ಲಿ ನುಸುಳಿಕೊಂಡದ್ದು. ಅಪರಾಧಿ ಕಬ್ಬಿಣ ಎಂದಾದರೆ ಬಿಳಿ ಕಲ್ನಾರನ್ನು ಬಿಟ್ಟುಬಿಡಬೇಕು.

— ನೀವು ಕೊಟ್ಟ ಅಂಕಿಗಳು ಸರಿ, ಕಬ್ಬಿಣದ ಕೈವಾಡವೂ ಬಹುಮಟ್ಟಿಗೆ ಸರಿ. ತಪ್ಪಿರುವುದು ಕೊನೆಯ ಜಿಗಿತದಲ್ಲಿ. ಕಬ್ಬಿಣದ ಪಾತ್ರಕ್ಕೆ ಪುರಾವೆ ಹೆಚ್ಚಿದಷ್ಟೂ ಬಿಳಿ ಕಲ್ನಾರಿನ ಪರವಾದ ವಾದ ಸೊರಗುತ್ತದೆ ಎಂದು ನಾನು ಹೇಳುತ್ತೇನೆ. ಎಳೆ ತನ್ನ ಕಬ್ಬಿಣವನ್ನು ಗಣಿಯಿಂದಲೇ ಹೊತ್ತು ತರಬೇಕೆಂದೇನೂ ಇಲ್ಲ. ಅದು ಬಂದು ಸೇರುವ ಮನುಷ್ಯನ ದೇಹದಲ್ಲೇ ಮೂರ್ನಾಲ್ಕು ಗ್ರಾಂ ಕಬ್ಬಿಣವಿದೆ. ಅದರಲ್ಲಿ ಮೂರನೇ ಎರಡು ಪಾಲು ರಕ್ತದ ಹಿಮೋಗ್ಲೋಬಿನ್‌ನಲ್ಲಿ. ಹೆಚ್ಚಾದ ಕಬ್ಬಿಣವನ್ನು ಹೊರಹಾಕಲು ದೇಹಕ್ಕೆ ಪ್ರತ್ಯೇಕ ದಾರಿಯೇ ಇಲ್ಲ. ಹೀಗಿರುವಾಗ ಎಳೆಯೊಳಗೆ ಎಷ್ಟು ಕಬ್ಬಿಣ ಅಡಗಿದೆ ಎಂದು ತೂಗುವುದು ಅರ್ಧ ಲೆಕ್ಕ ಮಾತ್ರ. ದೇಹದೊಳಗೆ ಕುಳಿತ ಮೇಲೆ ಅದರ ಮೈಮೇಲೆ ಎಷ್ಟು ಕಬ್ಬಿಣ ಕೂಡುತ್ತದೆ ಎಂಬುದು ಉಳಿದರ್ಧ.

ಈ ಕೂಡಿಕೆ ಕಣ್ಣಿಗೆ ಬಿದ್ದು ನೂರು ವರ್ಷ ದಾಟಿದೆ. 1906ರಲ್ಲಿ ಮಾರ್ಷಾಂಡ್ ಎಂಬ ಜರ್ಮನ್ ರೋಗಶಾಸ್ತ್ರಜ್ಞರು ಶ್ವಾಸಕೋಶದ ಅಂಗಾಂಶದಲ್ಲಿ ವಿಚಿತ್ರವಾದ ಹಳದಿ-ಕಂದು ಕಡ್ಡಿಗಳನ್ನು ಕಂಡು ದಾಖಲಿಸಿದರು. ಇಂಗ್ಲೆಂಡಿನಲ್ಲಿ ವಿಲಿಯಂ ಕುಕ್ ಎಂಬ ವೈದ್ಯರು 1924ರಲ್ಲಿ, ರಾಚ್‌ಡೇಲ್ ಪಟ್ಟಣದ ಕಲ್ನಾರು ಕಾರ್ಖಾನೆಯಲ್ಲಿ ದುಡಿದು ಸತ್ತ ಯುವತಿಯೊಬ್ಬಳ ಶ್ವಾಸಕೋಶ ಗಟ್ಟಿಯಾಗಿ ಹೋಗಿದ್ದನ್ನು ವರದಿ ಮಾಡಿದರು; ಮೂರು ವರ್ಷಗಳ ಬಳಿಕ ಆ ಕಾಯಿಲೆಗೆ ಆಸ್ಬೆಸ್ಟೋಸಿಸ್ ಎಂಬ ಹೆಸರು ಕೊಟ್ಟವರೂ ಅವರೇ. ಅವರ ಸೂಕ್ಷ್ಮದರ್ಶಕದಲ್ಲೂ ಅದೇ ಬಗೆಯ ಕಡ್ಡಿಗಳು, ತುದಿಗಳಲ್ಲಿ ಗುಂಡಗೆ ಉಬ್ಬಿ, ನಡುವೆ ಮಣಿ ಪೋಣಿಸಿದಂತಿರುವವು. ಇವನ್ನು ಇಂದು ಆಸ್ಬೆಸ್ಟಾಸ್ ಕಾಯಗಳು ಎನ್ನುತ್ತಾರೆ. ನಡುವಿನಲ್ಲಿ ಕಲ್ನಾರಿನ ಎಳೆ, ಸುತ್ತ ಪ್ರೋಟೀನಿನೊಂದಿಗೆ ಬೆರೆತ ಕಬ್ಬಿಣದ ಲೇಪ. ಪ್ರಷ್ಯನ್ ಬ್ಲೂ ಎಂಬ ಬಣ್ಣ ಹಾಕಿದರೆ ಕಬ್ಬಿಣವಿರುವ ಕಡೆ ನೀಲಿ ಮೂಡುತ್ತದೆ, ಹಾಗಾಗಿ ರೋಗಶಾಸ್ತ್ರಜ್ಞರಿಗೆ ಇದನ್ನು ಗುರುತಿಸುವುದು ಕಷ್ಟವಲ್ಲ. ಆ ಲೇಪ ಎಳೆಯಿಂದ ಒಸರಿದ್ದಲ್ಲ. ಶ್ವಾಸಕೋಶದ ಕಾವಲು ಕೋಶಗಳಾದ ಮ್ಯಾಕ್ರೋಫೇಜ್‌ಗಳು ಎಳೆಯನ್ನು ಸುತ್ತುವರಿದು, ದೇಹದ ಕಬ್ಬಿಣದಿಂದಲೇ ಅದನ್ನು ಹೊದಿಸಿವೆ.

— ಹೊದಿಸಿದವು ಎಂದರೆ ರಕ್ಷಣೆಗೆ ಎಂದಲ್ಲವೇ? ದೇಹ ಅಪಾಯಕಾರಿ ವಸ್ತುವನ್ನು ಲೇಪ ಹಚ್ಚಿ ಪಕ್ಕಕ್ಕಿಟ್ಟಿದೆ. ಅದನ್ನೇ ಅಪರಾಧದ ಪುರಾವೆ ಮಾಡುವುದು ವಿಚಿತ್ರ.

— ಬಹುಕಾಲ ಎಲ್ಲರೂ ಹಾಗೆಯೇ ನಂಬಿದ್ದರು, ನಂಬಿಕೆಗೆ ಆಧಾರವೂ ಇತ್ತು. ಫೆರಿಟಿನ್ ಎಂಬ ಪ್ರೋಟೀನಿನೊಳಗೆ ಬಂಧಿಸಿಟ್ಟ ಕಬ್ಬಿಣ ಸುಮ್ಮನಿರುತ್ತದೆ. ತೊಂದರೆ ಇರುವುದು ಬಂಧನ ಸಡಿಲವಾದ ಕಬ್ಬಿಣದಲ್ಲಿ. 1894ರಲ್ಲಿ ಕೇಂಬ್ರಿಜ್‌ನ ರಸಾಯನಶಾಸ್ತ್ರಜ್ಞ ಹೆನ್ರಿ ಫೆಂಟನ್ ಅವರು ಟಾರ್ಟಾರಿಕ್ ಆಮ್ಲಕ್ಕೆ ಹೈಡ್ರೋಜನ್ ಪೆರಾಕ್ಸೈಡ್ ಮತ್ತು ಒಂದಿಷ್ಟು ಕಬ್ಬಿಣದ ಲವಣ ಸೇರಿಸಿದಾಗ ಅದು ಬೇಗನೆ ಉತ್ಕರ್ಷಣಗೊಳ್ಳುವುದನ್ನು ಬರೆದಿಟ್ಟರು. ಕಲ್ನಾರಿಗೂ ಅವರಿಗೂ ಸಂಬಂಧವೇ ಇರಲಿಲ್ಲ. ಆದರೆ ಆ ಪ್ರಕ್ರಿಯೆಯಲ್ಲಿ ಹುಟ್ಟುವುದು ಹೈಡ್ರಾಕ್ಸಿಲ್ ರಾಡಿಕಲ್, ಜೀವಕೋಶದೊಳಗೆ ಹುಟ್ಟಬಹುದಾದ ಕಣಗಳಲ್ಲಿ ಅತ್ಯಂತ ಉಗ್ರವಾದವುಗಳಲ್ಲಿ ಒಂದು. ಅದು ದೂರ ಹೋಗುವುದಿಲ್ಲ. ಹುಟ್ಟಿದ ಜಾಗದ ಪಕ್ಕದಲ್ಲಿ ಸಿಕ್ಕಿದ್ದನ್ನು, ಡಿಎನ್‌ಎ ಸಿಕ್ಕರೆ ಡಿಎನ್‌ಎಯನ್ನೇ, ಕತ್ತರಿಸುತ್ತದೆ. ಈ ಪ್ರಕ್ರಿಯೆಗೆ ಬೇಕಾದ ಹೈಡ್ರೋಜನ್ ಪೆರಾಕ್ಸೈಡನ್ನು ಮ್ಯಾಕ್ರೋಫೇಜ್‌ಗಳೇ ಒದಗಿಸುತ್ತವೆ, ಏಕೆಂದರೆ ಅವು ರೋಗಾಣುವನ್ನು ಕೊಲ್ಲುವುದೇ ಅಂಥ ವಸ್ತುಗಳಿಂದ.

1984ರಲ್ಲಿ ವೈಟ್ಸ್‌ಮನ್ ಮತ್ತು ಗ್ರಾಸೆಫಾ ಎಂಬ ಅಮೆರಿಕದ ಸಂಶೋಧಕರು ಕಲ್ನಾರಿನ ಎಳೆಗಳ ಸನ್ನಿಧಿಯಲ್ಲಿ ಹೈಡ್ರೋಜನ್ ಪೆರಾಕ್ಸೈಡಿನಿಂದ ಈ ರಾಡಿಕಲ್‌ಗಳು ಹುಟ್ಟುವುದನ್ನು ತೋರಿಸಿದರು. ಬಳಿಕ ಯೂಟಾ ಸ್ಟೇಟ್ ವಿಶ್ವವಿದ್ಯಾಲಯದ ಆ್ಯನ್ ಆಸ್ಟ್ ಮತ್ತು ಸಂಗಡಿಗರು ಕ್ರೊಸಿಡೊಲೈಟ್‌ನಿಂದ ಕಬ್ಬಿಣ ಹೇಗೆ ಬಿಡುಗಡೆಯಾಗುತ್ತದೆ, ಹಾಗೆ ಬಿಡುಗಡೆಯಾದ ಕಬ್ಬಿಣ ಡಿಎನ್‌ಎಯ ಎಳೆಯನ್ನು ಹೇಗೆ ಕಡಿಯುತ್ತದೆ ಎಂದು ಹಂತಹಂತವಾಗಿ ಬಿಡಿಸಿದರು. ಕಬ್ಬಿಣವನ್ನು ಬಿಗಿಹಿಡಿಯುವ ಡೆಸ್ಫೆರಿಯಾಕ್ಸಮಿನ್ ಎಂಬ ಔಷಧ ಸೇರಿಸಿದರೆ ಹಾನಿ ಇಳಿಯಿತು. ರಾಸಾಯನಿಕ ಸಂಬಂಧವೊಂದನ್ನು ಪರೀಕ್ಷಿಸುವ ಸರಳವಾದ ದಾರಿ ಇದು: ಶಂಕಿತ ವಸ್ತುವನ್ನು ತೆಗೆದುಹಾಕಿ, ಹಾನಿ ನಿಲ್ಲುತ್ತದೆಯೇ ನೋಡಿ. ಷಿಕಾಗೋದಲ್ಲಿ ಕ್ಯಾಂಪ್ ಎಂಬ ವೈದ್ಯ-ಸಂಶೋಧಕರ ತಂಡ 1995ರಲ್ಲಿ ಇದನ್ನೇ ಇಲಿಗಳ ಮೇಲೆ ಮಾಡಿತು. ಅಮೊಸೈಟ್ ಎಳೆಗಳನ್ನು ಫೈಟಿಕ್ ಆಮ್ಲದೊಂದಿಗೆ ಕೂಡಿಸಿ ಇಲಿಗಳ ಶ್ವಾಸನಾಳಕ್ಕೆ ಬಿಟ್ಟಾಗ, ಬರೀ ಎಳೆ ಬಿಟ್ಟಾಗ ಆಗುವುದಕ್ಕಿಂತ ಕಡಿಮೆ ಉರಿಯೂತವೂ ಕಡಿಮೆ ಗಾಯಗಟ್ಟುವಿಕೆಯೂ ಕಂಡಿತು. ಫೈಟಿಕ್ ಆಮ್ಲ ಕಬ್ಬಿಣವನ್ನು ಹಿಡಿದಿಡುವ ವಸ್ತು, ರಾಗಿಯಲ್ಲಿ ಧಾರಾಳವಾಗಿದೆ. ಹಾಗೆಂದು ಮುದ್ದೆ ಉಂಡರೆ ಕಲ್ನಾರಿನ ಕಾಯಿಲೆ ಬರುವುದಿಲ್ಲ ಎಂದು ಯಾರಾದರೂ ಹಬ್ಬಿಸುವ ಮೊದಲೇ ಹೇಳಿಬಿಡುತ್ತೇನೆ: ಹೊಟ್ಟೆಗೆ ಹೋದ ಫೈಟಿಕ್ ಆಮ್ಲಕ್ಕೂ ಎಳೆಗೆ ನೇರವಾಗಿ ಹಚ್ಚಿದ ಫೈಟಿಕ್ ಆಮ್ಲಕ್ಕೂ ಹೋಲಿಕೆಯೇ ಇಲ್ಲ.

— ಕಬ್ಬಿಣ ಅಷ್ಟು ಕ್ರೂರಿಯಾದರೆ ವೆಲ್ಡಿಂಗ್ ಮಾಡುವವರ ಕತೆ ಏನು? ದಶಕಗಟ್ಟಲೆ ಕಬ್ಬಿಣದ ಆಕ್ಸೈಡಿನ ಹೊಗೆ ಕುಡಿಯುತ್ತಾರೆ. ಅವರ ಎಕ್ಸ್-ರೇಯಲ್ಲಿ ಶ್ವಾಸಕೋಶ ಚುಕ್ಕೆಚುಕ್ಕೆಯಾಗಿ ಕಾಣುತ್ತದೆ. ಆದರೂ ಆ ಸಿಡರೋಸಿಸ್ ಎಂಬ ಸ್ಥಿತಿಯನ್ನು ವೈದ್ಯರು ಬಹುಮಟ್ಟಿಗೆ ನಿರುಪದ್ರವಿ ಎಂದೇ ಎಣಿಸುತ್ತಾ ಬಂದಿದ್ದಾರೆ. ಅದರಿಂದ ಎದೆ-ಹೊಟ್ಟೆಗಳ ಪೊರೆಯ ಕ್ಯಾನ್ಸರಾದ ಮೀಸೊಥೀಲಿಯೋಮಾ ಬಂತೆಂದು ಯಾರೂ ಹೇಳುವುದಿಲ್ಲ.

— ಕಬ್ಬಿಣವೊಂದೇ ಅಪರಾಧಿ ಎನ್ನುವವರ ಬಾಯಿ ಮುಚ್ಚಿಸುವ ಆಕ್ಷೇಪ ಇದು, ಹಾಗೂ ಅದು ನಿಮ್ಮ ಮೊದಲ ಮಾತನ್ನೇ ಕೆಡವುತ್ತದೆ. ಕಬ್ಬಿಣದ ಪ್ರಮಾಣವೇ ಎಲ್ಲವನ್ನೂ ನಿರ್ಧರಿಸುವುದಾಗಿದ್ದರೆ ವೆಲ್ಡರ್‌ಗಳ ಶ್ವಾಸಕೋಶ ನೀಲಿ ಕಲ್ನಾರು ಗಣಿಯವರಿಗಿಂತ ಮೊದಲು ಹಾಳಾಗಬೇಕಿತ್ತು. ಹಾಗಾಗಲಿಲ್ಲ. ಆ ಧೂಳು ದುಂಡು ಕಣಗಳದ್ದು. ಮ್ಯಾಕ್ರೋಫೇಜ್ ಅವನ್ನು ನುಂಗಿ, ಒಳಗೆ ಬಂಧಿಸಿ, ಮೆಲ್ಲಗೆ ಸಾಗಹಾಕುತ್ತದೆ. ಕಲ್ನಾರಿನ ಎಳೆ ಇಪ್ಪತ್ತು ಮೈಕ್ರಾನ್‌ಗಿಂತ ಉದ್ದವಿದ್ದರೆ ಅದನ್ನು ಪೂರ್ತಿ ನುಂಗಲು ಆ ಕೋಶಕ್ಕೆ ಮೈ ಸಾಲದು. ಗಂಟಲಿಗೆ ಅಡ್ಡವಾಗಿ ಸಿಕ್ಕಿಕೊಂಡ ಮೀನಿನ ಮುಳ್ಳಿನಂತೆ ಎಳೆ ಅರ್ಧ ಒಳಗೆ ಅರ್ಧ ಹೊರಗೆ ನಿಲ್ಲುತ್ತದೆ. ಕೋಶ ಬಿಡಲಾರದೆ, ನುಂಗಲಾರದೆ ತನ್ನ ಪೆರಾಕ್ಸೈಡನ್ನು ಹೊರಕ್ಕೆ ಸುರಿಯುತ್ತಲೇ ಇರುತ್ತದೆ, ಕೊನೆಗೆ ಒಡೆದು ಸಾಯುತ್ತದೆ. ಮತ್ತೊಂದು ಬಂದು ಅದೇ ಕೆಲಸಕ್ಕೆ ನಿಲ್ಲುತ್ತದೆ. ಅಮೆರಿಕದ ಮರ್ಲ್ ಸ್ಟಾಂಟನ್ 1970ರ ದಶಕದಲ್ಲಿ ಇಲಿಗಳ ಎದೆಗೂಡಿನ ಪೊರೆಯ ಮೇಲೆ ಹತ್ತಾರು ಬಗೆಯ ಎಳೆಗಳನ್ನಿಟ್ಟು ನೋಡಿದಾಗ, ಗಡ್ಡೆ ಬರಿಸುವ ಶಕ್ತಿ ಹೆಚ್ಚಾಗಿ ಎಳೆಯ ಅಳತೆಯೊಂದಿಗೆ ಹೊಂದಿಕೊಂಡಿತು: ಎಂಟು ಮೈಕ್ರಾನ್‌ಗಿಂತ ಉದ್ದ, ಕಾಲು ಮೈಕ್ರಾನ್‌ಗಿಂತ ತೆಳುವಾದವು ಅತಿ ಅಪಾಯಕಾರಿ. ಆ ಸಾಲಿನಲ್ಲಿ ಗಾಜಿನ ಎಳೆಯೂ ಇತ್ತು.

ಎರಡೂ ಸಂಗತಿಗಳನ್ನು ಕೂಡಿಸಿದರೆ ಚಿತ್ರ ಸ್ಪಷ್ಟವಾಗುತ್ತದೆ. ಎಳೆ ಒಂದೆಡೆ ನೆಲೆ ನಿಲ್ಲುತ್ತದೆ. ಅದರ ಮೈ ಕಬ್ಬಿಣವನ್ನು ಹಿಡಿದಿಡುತ್ತದೆ. ಸುತ್ತ ನಿಂತ ಕೋಶಗಳು ಪೆರಾಕ್ಸೈಡ್ ಒದಗಿಸುತ್ತವೆ. ವರ್ಷಾನುಗಟ್ಟಲೆ ಅದೇ ಜಾಗದಲ್ಲಿ, ಅದೇ ಕೋಶಗಳ ನಡುವೆ ಹೈಡ್ರಾಕ್ಸಿಲ್ ರಾಡಿಕಲ್ ಹುಟ್ಟುತ್ತದೆ. ವೆಲ್ಡರ್‌ನ ಕಬ್ಬಿಣಕ್ಕೆ ಈ ನೆಲೆ ಸಿಗುವುದಿಲ್ಲ.

— ಟರ್ಕಿಯ ಎರಿಯೊನೈಟ್ ಬಗ್ಗೆ ಏನು ಹೇಳುತ್ತೀರಿ? ಅದು ಕಲ್ನಾರಲ್ಲ, ಜಿಯೊಲೈಟ್ ಜಾತಿಯ ಖನಿಜ. ಕಪ್ಪಡೋಕಿಯಾದ ಕರಾಯಿನ್, ತುಜ್‌ಕೊಯ್ ಹಳ್ಳಿಗಳ ಜನ ಆ ಎಳೆಗಳಿರುವ ಮೃದು ಕಲ್ಲಿನಲ್ಲೇ ಮನೆ ಕಟ್ಟಿಕೊಂಡಿದ್ದರು. ಡಾ. ಇಜ್ಜೆಟ್ಟಿನ್ ಬಾರಿಶ್ 1970ರ ದಶಕದಲ್ಲಿ ಅಲ್ಲಿ ಕಂಡಷ್ಟು ಮೀಸೊಥೀಲಿಯೋಮಾ ಜಗತ್ತಿನ ಇನ್ನಾವ ಹಳ್ಳಿಯಲ್ಲೂ ಕಂಡಿರಲಿಲ್ಲ. ಎರಿಯೊನೈಟ್‌ನ ರಚನೆಯಲ್ಲಿ ಕಬ್ಬಿಣಕ್ಕೆ ಜಾಗವೇ ಇಲ್ಲ. ಅದು ನೀಲಿ ಕಲ್ನಾರಿಗಿಂತ ಘೋರ. ಇಲ್ಲಿಗೆ ನಿಮ್ಮ ಕಬ್ಬಿಣದ ಸಿದ್ಧಾಂತ ಮುಗಿಯಿತಲ್ಲ?

— ಎಳೆಯೊಳಗಿನ ಕಬ್ಬಿಣದ ಸಿದ್ಧಾಂತ ಮುಗಿಯಿತು. ಇಲಿಗಳಿಗೆ ಉಸಿರಿನೊಂದಿಗೆ ಕೊಟ್ಟಾಗಲೂ ಎರಿಯೊನೈಟ್ ಬಹುತೇಕ ಪ್ರತಿಯೊಂದರಲ್ಲೂ ಮೀಸೊಥೀಲಿಯೋಮಾ ಬರಿಸಿತು. ಕ್ರೊಸಿಡೊಲೈಟ್‌ಗೂ ಆ ಮಟ್ಟದ ಶಕ್ತಿಯಿಲ್ಲ. ಆದರೆ ಆಸ್ಟ್ ಅವರ ಪ್ರಯೋಗಾಲಯವೇ 1995ರಲ್ಲಿ ಇನ್ನೊಂದು ಪ್ರಯೋಗ ಮಾಡಿತು. ಜಿಯೊಲೈಟ್‌ಗಳ ಸ್ವಭಾವವೇ ತಮ್ಮಲ್ಲಿರುವ ಅಯಾನುಗಳನ್ನು ಕೊಟ್ಟು ಹೊರಗಿನ ಅಯಾನುಗಳನ್ನು ತೆಗೆದುಕೊಳ್ಳುವುದು. ಗಡಸು ನೀರನ್ನು ಮೃದುಗೊಳಿಸಲು ಅವನ್ನು ಬಳಸುವುದೂ ಇದೇ ಗುಣಕ್ಕಾಗಿ. ಕಬ್ಬಿಣವಿರುವ ದ್ರಾವಣದಲ್ಲಿಟ್ಟ ಎರಿಯೊನೈಟ್ ಕಬ್ಬಿಣವನ್ನು ತನ್ನ ಮೈಗೆ ಸೆಳೆದುಕೊಂಡಿತು, ಸೆಳೆದುಕೊಂಡ ಮೇಲೆ ಡಿಎನ್‌ಎಯನ್ನು ಕಡಿಯತೊಡಗಿತು. ಕಬ್ಬಿಣವೇ ಇಲ್ಲದ ಎಳೆ ಹೊರಗಿನ ಕಬ್ಬಿಣದಿಂದ ಅಪಾಯಕಾರಿಯಾಗಬಲ್ಲದು ಎಂಬುದಕ್ಕೆ ಇದಕ್ಕಿಂತ ನೇರವಾದ ಪುರಾವೆ ನಾನು ಕೇಳಲಾರೆ. ಬಿಳಿ ಕಲ್ನಾರಿನ ಪರವಾಗಿ ನೀವು ಎತ್ತಿದ ವಾದ ಎಲ್ಲಿ ಕುಸಿಯುತ್ತದೆ ಎಂಬುದೂ ಇಲ್ಲಿ ಕಾಣುತ್ತದೆ. ಕಬ್ಬಿಣವಿಲ್ಲ ಎಂಬುದೇ ರಕ್ಷೆಯಾಗಿದ್ದರೆ ಆ ಹಳ್ಳಿಗಳ ಜನ ಬದುಕಿರುತ್ತಿದ್ದರು.

— ಎರಿಯೊನೈಟ್ ಹೀಗೆ ಮಾಡಿತೆಂದು ಕ್ರೈಸೊಟೈಲ್ ಕೂಡ ಹಾಗೆ ಮಾಡುತ್ತದೆ ಎನ್ನಲು ಏನಿದೆ? ಆಸ್ಬೆಸ್ಟಾಸ್ ಕಾಯಗಳು ಬಿಳಿ ಕಲ್ನಾರಿನ ಎಳೆಗಳ ಮೇಲೆ ಅಪರೂಪ ಎಂದು ರೋಗಶಾಸ್ತ್ರಜ್ಞರೇ ಹೇಳುತ್ತಾರೆ.

— ಅಪರೂಪವೇ ನಿಜ. ಬಿಳಿ ಎಳೆ ಶ್ವಾಸಕೋಶದಲ್ಲಿ ತುಂಡಾಗಿ, ಮೆಗ್ನೀಸಿಯಂ ಕಳೆದುಕೊಂಡು ಸವೆಯುತ್ತದೆ. ಮ್ಯಾಕ್ರೋಫೇಜ್ ನಿಧಾನವಾಗಿ ಕಟ್ಟುವ ದಪ್ಪ ಲೇಪ ಅದರ ಮೇಲೆ ಕೂಡಲು ಸಮಯ ಸಿಗುವುದಿಲ್ಲ. ಆದರೆ ಸೂಕ್ಷ್ಮದರ್ಶಕಕ್ಕೆ ಕಾಣುವ ಲೇಪ ಬೇರೆ, ರಾಸಾಯನಿಕವಾಗಿ ಚುರುಕಾದ ಕಬ್ಬಿಣ ಬೇರೆ. ಜಪಾನಿನ ನಗೋಯಾ ವಿಶ್ವವಿದ್ಯಾಲಯದಲ್ಲಿ ಶಿನ್ಯಾ ತೊಯೊಕುನಿ ಅವರ ತಂಡ ಇದನ್ನು ಕೆದಕಿ ನೋಡಿತು. ಬಿಳಿ ಕಲ್ನಾರಿನ ಮೈ ಧನ ವಿದ್ಯುದಂಶವುಳ್ಳದ್ದು. ಅದು ಕೆಂಪು ರಕ್ತಕಣಗಳನ್ನು ಒಡೆಯುತ್ತದೆ, ಒಡೆದಾಗ ಹೊರಬಂದ ಹಿಮೋಗ್ಲೋಬಿನನ್ನು ತನ್ನ ಮೇಲೆ ಅಂಟಿಸಿಕೊಳ್ಳುತ್ತದೆ. 2012ರಲ್ಲಿ ಪ್ರಕಟವಾದ ಅವರ ಅಧ್ಯಯನದಲ್ಲಿ ಬಿಳಿ, ನೀಲಿ, ಕಂದು ಮೂರನ್ನೂ ಇಲಿಗಳ ಹೊಟ್ಟೆಯ ಪೊರೆಯೊಳಗೆ ಚುಚ್ಚಿದರು. ಮೂರರಿಂದಲೂ ಮೀಸೊಥೀಲಿಯೋಮಾ ಬಂತು. ಬಿಳಿ ಎಳೆಯಿಂದ ಬಂದ ಗಡ್ಡೆಗಳ ಸುತ್ತಲೂ ಕಬ್ಬಿಣ ಅತಿಯಾಗಿ ತುಂಬಿಕೊಂಡ ಲಕ್ಷಣಗಳು ಕಂಡವು. ಗಡ್ಡೆಗಳಲ್ಲಿ ಬಹುಪಾಲಿಗೆ ಸಿಡಿಕೆಎನ್‌2ಎ ಎಂಬ ಜೀನ್ ಪೂರ್ತಿ ಅಳಿಸಿಹೋಗಿತ್ತು. ಕೋಶ ವಿಭಜನೆಗೆ ಕಡಿವಾಣ ಹಾಕುವ ಈ ಜೀನೇ ಮನುಷ್ಯರ ಮೀಸೊಥೀಲಿಯೋಮಾದಲ್ಲೂ ಮೇಲಿಂದ ಮೇಲೆ ಕಾಣೆಯಾಗಿರುತ್ತದೆ.

— ಹೊಟ್ಟೆಗೆ ಚುಚ್ಚುವುದು ಒಂದು, ಗಾಳಿಯಲ್ಲಿ ಉಸಿರಾಡುವುದು ಇನ್ನೊಂದು. ಅಷ್ಟು ಎಳೆಯನ್ನು ಒಂದೇ ಸಲ ಪೊರೆಯೊಳಗೆ ತುರುಕಿದರೆ ಏನು ತಾನೇ ಕ್ಯಾನ್ಸರ್ ತರುವುದಿಲ್ಲ?

— ತರದವೂ ಇವೆ, ಆದರೂ ನಿಮ್ಮ ಎಚ್ಚರಿಕೆ ಬೇಕಾದದ್ದೇ. ಚುಚ್ಚುವ ಪ್ರಯೋಗ ಹೇಳುವುದು ಇಷ್ಟೇ: ಎಳೆ ಅಲ್ಲಿಗೆ ಮುಟ್ಟಿದರೆ ಏನಾಗುತ್ತದೆ. ಎಷ್ಟು ಮುಟ್ಟುತ್ತದೆ ಎಂಬುದಕ್ಕೆ ಮನುಷ್ಯರನ್ನೇ ಎಣಿಸಬೇಕು. ಅಮೆರಿಕದ ದಕ್ಷಿಣ ಕ್ಯಾರೊಲೈನಾದ ಚಾರ್ಲ್‌ಸ್ಟನ್‌ನಲ್ಲಿ ಕಲ್ನಾರಿನ ಬಟ್ಟೆ ನೇಯುವ ಗಿರಣಿಯಿತ್ತು, ಅಲ್ಲಿ ಬಳಸಿದ್ದು ಬಹುತೇಕ ಪೂರ್ತಿ ಬಿಳಿ ಕಲ್ನಾರು. ಅಲ್ಲಿ ದುಡಿದ ಮೂರು ಸಾವಿರಕ್ಕೂ ಹೆಚ್ಚು ಜನರನ್ನು ದಶಕಗಳ ಕಾಲ ಹಿಂಬಾಲಿಸಿ ಲೆಕ್ಕ ಹಾಕಿದಾಗ, ಶ್ವಾಸಕೋಶದ ಕ್ಯಾನ್ಸರಿನಿಂದಾದ ಸಾವು ನಿರೀಕ್ಷೆಗಿಂತ ಸುಮಾರು ಎರಡು ಪಟ್ಟು. ಆಸ್ಬೆಸ್ಟೋಸಿಸ್ ಸಾವುಗಳಂತೂ ಸಾಮಾನ್ಯ ಜನರಲ್ಲಿ ಕಾಣುವುದಕ್ಕಿಂತ ಎಷ್ಟೋ ಪಾಲು ಹೆಚ್ಚು. ಮೀಸೊಥೀಲಿಯೋಮಾ ಮಾತ್ರ ಬೆರಳೆಣಿಕೆಯಷ್ಟು. ಬಿಳಿ ಕಲ್ನಾರಿನ ಪರವಾಗಿರುವವರು ಈ ಕೊನೆಯ ವಾಕ್ಯವನ್ನು ಮಾತ್ರ ಎತ್ತಿಕೊಳ್ಳುತ್ತಾರೆ. ಕಲ್ನಾರಿನಿಂದ ಸಾಯುವುದಕ್ಕೆ ಮೀಸೊಥೀಲಿಯೋಮಾ ಒಂದೇ ದಾರಿಯಲ್ಲ.

— ಎತ್ತಿಕೊಂಡರೆ ತಪ್ಪೇನು? 2000ದಲ್ಲಿ ಹಾಜ್‌ಸನ್ ಮತ್ತು ಡಾರ್ನ್‌ಟನ್ ಎಂಬ ಬ್ರಿಟಿಷ್ ಸಂಶೋಧಕರು ಅದುವರೆಗಿನ ಅಧ್ಯಯನಗಳನ್ನೆಲ್ಲ ಒಟ್ಟುಹಾಕಿ ಮೀಸೊಥೀಲಿಯೋಮಾದ ಅಪಾಯವನ್ನು ತೂಗಿದರು. ಬಿಳಿಯದು ಒಂದಾದರೆ ಕಂದು ನೂರು, ನೀಲಿ ಐನೂರು. ಕಬ್ಬಿಣ ಕಡಿಮೆಯಿರುವುದಕ್ಕೆ ಅಪಾಯವೂ ಕಡಿಮೆ. ಇಷ್ಟು ಸ್ಪಷ್ಟವಾದ ಅಂಕಿಯ ಮುಂದೆ ನಿಮ್ಮ ಇಲಿಗಳು ಏನು ಹೇಳಿಯಾವು?

— ನೀವು ಇಲ್ಲಿಯವರೆಗೆ ಹೇಳಿದ್ದರಲ್ಲೆಲ್ಲ ಗಟ್ಟಿಯಾದದ್ದು ಇದು. ಆ ಅಂಕಿಗಳನ್ನು ನಾನು ಅಲ್ಲಗಳೆಯುವುದಿಲ್ಲ. ಅದನ್ನು ಕಬ್ಬಿಣದ ಲೆಕ್ಕಕ್ಕೆ ಬರೆಯುವುದನ್ನು ಮಾತ್ರ ಒಪ್ಪುವುದಿಲ್ಲ. ಅಂಕಿಗಳನ್ನೇ ಮತ್ತೊಮ್ಮೆ ನೋಡಿ. ಕಂದು ಮತ್ತು ನೀಲಿ ಎರಡರಲ್ಲೂ ಕಬ್ಬಿಣದ ಪಾಲು ಹೆಚ್ಚುಕಡಿಮೆ ಒಂದೇ, ಅಪಾಯ ಮಾತ್ರ ಐದು ಪಟ್ಟು ಬೇರೆ. ಎರಿಯೊನೈಟ್‌ನ ಕಬ್ಬಿಣ ಸೊನ್ನೆ, ಅಪಾಯ ಎಲ್ಲಕ್ಕಿಂತ ಮೇಲೆ. ಎಳೆಯೊಳಗಿನ ಕಬ್ಬಿಣ ಅಪಾಯದ ಅಳತೆಗೋಲಾಗಿದ್ದರೆ ಈ ಎರಡು ಸಾಲುಗಳು ಇರಬಾರದಿತ್ತು. ಅಪಾಯ ಹೊಂದಿಕೊಳ್ಳುವುದು ಎಳೆ ಎಷ್ಟು ತೆಳು, ಎಷ್ಟು ಕಾಲ ಬಾಳುತ್ತದೆ ಎಂಬುದರೊಂದಿಗೆ. ನೀಲಿ ಎಳೆ ಕಂದಿಗಿಂತ ತೆಳು, ಎರಡೂ ಶ್ವಾಸಕೋಶದಲ್ಲಿ ದಶಕಗಳ ಕಾಲ ಕರಗದೆ ಉಳಿಯುತ್ತವೆ. ಬಿಳಿಯದು ಬೇಗ ಸವೆಯುತ್ತದೆ, ಹಾಗಾಗಿ ಪ್ರತಿ ಎಳೆಯ ಲೆಕ್ಕದಲ್ಲಿ ಮೀಸೊಥೀಲಿಯೋಮಾ ತರುವ ಶಕ್ತಿ ಕಡಿಮೆ. ಶಕ್ತಿ ಕಡಿಮೆ ಎಂದು ಒಪ್ಪಿಕೊಂಡ ಮೇಲೂ, ಇಪ್ಪತ್ತನೇ ಶತಮಾನದಲ್ಲಿ ಜಗತ್ತು ಬಳಸಿದ ಕಲ್ನಾರಿನಲ್ಲಿ ನೂರಕ್ಕೆ ತೊಂಬತ್ತಕ್ಕಿಂತ ಹೆಚ್ಚು ಪಾಲು ಬಿಳಿಯದ್ದೇ ಎಂಬುದನ್ನು ಪಕ್ಕದಲ್ಲಿಟ್ಟು ಗುಣಿಸಬೇಕು. ಶ್ವಾಸಕೋಶದ ಕ್ಯಾನ್ಸರಿನಲ್ಲಿ ಮೂರರ ನಡುವಿನ ಅಂತರ ಹಾಜ್‌ಸನ್ ಮತ್ತು ಡಾರ್ನ್‌ಟನ್ ಅವರದೇ ಲೆಕ್ಕದಲ್ಲಿ ಬಹಳ ಕಿರಿದಾಗುತ್ತದೆ. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಅಂಗ 2012ರ ಸಂಪುಟದಲ್ಲಿ ಆರೂ ಬಗೆಯ ಕಲ್ನಾರನ್ನು ಮನುಷ್ಯರಲ್ಲಿ ಕ್ಯಾನ್ಸರ್ ತರುವ ಮೊದಲ ಗುಂಪಿನಲ್ಲಿಯೇ ಇಟ್ಟಿತು. ಶ್ವಾಸಕೋಶ ಮತ್ತು ಮೀಸೊಥೀಲಿಯೋಮಾ ಜೊತೆಗೆ ಗಂಟಲಗೂಡು, ಅಂಡಾಶಯದ ಕ್ಯಾನ್ಸರನ್ನೂ ಸೇರಿಸಿತು.

ಕಬ್ಬಿಣವೊಂದರಿಂದಲೇ ಎಲ್ಲವೂ ಆಗುತ್ತದೆ ಎಂದೂ ನಾನು ಹೇಳುತ್ತಿಲ್ಲ. 2008ರಲ್ಲಿ ಸ್ವಿಟ್ಜರ್ಲೆಂಡಿನ ಯೂರ್ಗ್ ಚೊಪ್ ಅವರ ತಂಡ, ಮ್ಯಾಕ್ರೋಫೇಜ್‌ನೊಳಗಿನ ಇನ್‌ಫ್ಲಮಸೋಮ್ ಎಂಬ ಎಚ್ಚರಿಕೆಯ ಗಂಟೆಯನ್ನು ಕಲ್ನಾರು ಬಾರಿಸುತ್ತದೆ ಎಂದು ತೋರಿಸಿತು. 2010ರಲ್ಲಿ ಹವಾಯಿಯ ಹೈನಿಂಗ್ ಯಾಂಗ್ ಮತ್ತು ಮಿಕೇಲೆ ಕಾರ್ಬೋನೆ ಅವರು, ಕಲ್ನಾರಿನ ಹೊಡೆತಕ್ಕೆ ಸಿಡಿದ ಕೋಶಗಳಿಂದ ಎಚ್‌ಎಂಜಿಬಿ1 ಎಂಬ ಪ್ರೋಟೀನ್ ಹೊರಬಿದ್ದು ಉರಿಯೂತವನ್ನು ಆರದಂತೆ ಕಾಯುತ್ತದೆ ಎಂದು ತೋರಿಸಿದರು. ಆ ಪ್ರೋಟೀನನ್ನು ರಕ್ತದಲ್ಲಿ ಅಳೆದು ಕಾಯಿಲೆಯನ್ನು ಬೇಗ ಹಿಡಿಯಬಹುದೇ ಎಂಬ ಹುಡುಕಾಟವೂ ನಡೆದಿದೆ. ಇವೆಲ್ಲ ಒಂದನ್ನೊಂದು ಸುಳ್ಳು ಮಾಡುವುದಿಲ್ಲ. ಉರಿಯೂತ ಆರದಿದ್ದರೆ ಪೆರಾಕ್ಸೈಡ್ ನಿಲ್ಲುವುದಿಲ್ಲ, ಪೆರಾಕ್ಸೈಡ್ ಇದ್ದಷ್ಟು ದಿನ ಕಬ್ಬಿಣಕ್ಕೆ ಕೆಲಸವಿರುತ್ತದೆ. ಒಬ್ಬನೇ ಅಪರಾಧಿಯನ್ನು ಹಿಡಿದು ಉಳಿದವರನ್ನು ಬಿಡುಗಡೆ ಮಾಡುವ ಹಟ ರಸಾಯನಶಾಸ್ತ್ರದ್ದಲ್ಲ, ವ್ಯಾಪಾರದ್ದು.

— ವ್ಯಾಪಾರದ ಮೇಲೆ ಹರಿಹಾಯುವುದು ಸುಲಭ. ಆದರೆ ಕಾರಣದ ಸರಪಳಿ ಇನ್ನೂ ಪೂರ್ತಿ ಬಿಚ್ಚಿಲ್ಲ ಎಂದು ನೀವೇ ಒಪ್ಪುತ್ತಿದ್ದೀರಿ. ಪೂರ್ತಿ ಗೊತ್ತಾಗುವವರೆಗೆ ನಿಷೇಧದ ಮಾತೇಕೆ? ಬಡವನಿಗೆ ಹುಲ್ಲಿನ ಚಾವಣಿಯಿಂದ ಬಿಡುಗಡೆ ಕೊಟ್ಟದ್ದು ಈ ಶೀಟೇ. ಶೀಟಿನಲ್ಲಿ ಕಲ್ನಾರು ಹತ್ತನೇ ಒಂದು ಪಾಲೂ ಇಲ್ಲ, ಉಳಿದದ್ದು ಸಿಮೆಂಟು. ಎಳೆ ಸಿಮೆಂಟಿನೊಳಗೆ ಬಿಗಿಯಾಗಿ ಕೂತಿದೆ.

— ಪೂರ್ತಿ ಗೊತ್ತಾಗಲಿ ಎಂದು ಕಾದಿದ್ದರೆ ಬ್ರಿಟನ್ 1931ರಲ್ಲಿ ಕಲ್ನಾರಿನ ಧೂಳಿಗೆ ಕಾನೂನು ಮಾಡುತ್ತಲೇ ಇರಲಿಲ್ಲ. ಆ ಕಾನೂನಿಗೆ ಆಧಾರ ಮೆರ್‌ವೆದರ್ ಮತ್ತು ಪ್ರೈಸ್ ಎಂಬ ಇಬ್ಬರು ಅಧಿಕಾರಿಗಳು ಅದರ ಹಿಂದಿನ ವರ್ಷ ಕೊಟ್ಟ ವರದಿ. ಅವರು 363 ಕಾರ್ಮಿಕರನ್ನು ಪರೀಕ್ಷಿಸಿದ್ದರು. ಕಾಲು ಭಾಗಕ್ಕಿಂತ ಹೆಚ್ಚು ಜನರ ಶ್ವಾಸಕೋಶ ಗಾಯಗಟ್ಟಿತ್ತು. ಇಪ್ಪತ್ತು ವರ್ಷ ದಾಟಿ ದುಡಿದವರಲ್ಲಿ ಐವರಲ್ಲಿ ನಾಲ್ವರಿಗೆ. 1955ರಲ್ಲಿ ರಿಚರ್ಡ್ ಡಾಲ್ ಅವರು ಅಂಥದೇ ಕಾರ್ಖಾನೆಯ 113 ಗಂಡಸರ ಲೆಕ್ಕ ತೆಗೆದಾಗ, ಶ್ವಾಸಕೋಶದ ಕ್ಯಾನ್ಸರಿನಿಂದ ಒಂದು ಸಾವೂ ನಿರೀಕ್ಷೆಯಿಲ್ಲದ ಕಡೆ ಹನ್ನೊಂದು ಸಾವು. 1960ರಲ್ಲಿ ವ್ಯಾಗ್ನರ್ ಮತ್ತು ಸಂಗಡಿಗರು ದಕ್ಷಿಣ ಆಫ್ರಿಕಾದ ನೀಲಿ ಕಲ್ನಾರಿನ ಸೀಮೆಯಿಂದ 33 ಮೀಸೊಥೀಲಿಯೋಮಾ ರೋಗಿಗಳನ್ನು ವರದಿ ಮಾಡಿದರು. ಅವರಲ್ಲಿ ಕೆಲವರು ಗಣಿಗೆ ಇಳಿದವರೇ ಅಲ್ಲ, ಆ ಊರುಗಳಲ್ಲಿ ಬಾಲ್ಯ ಕಳೆದವರು. ಆಗ ಕಲ್ನಾರಿಗೂ ಹೈಡ್ರಾಕ್ಸಿಲ್ ರಾಡಿಕಲ್‌ಗೂ ನಂಟಿದೆ ಎಂಬ ಸುಳಿವು ಯಾರಿಗೂ ಇರಲಿಲ್ಲ. ಎಳೆಯಿಂದ ಸಾವು ಬರುತ್ತದೆ ಎಂದು ತಿಳಿಯಲು ಸತ್ತವರನ್ನು ಎಣಿಸಿದರೆ ಸಾಕಾಯಿತು. ಸಾವು ಹೇಗೆ ಬರುತ್ತದೆ ಎಂಬುದು ಆಮೇಲಿನ ಪ್ರಶ್ನೆ. ಎರಡನೆಯದಕ್ಕೆ ಉತ್ತರ ಅಪೂರ್ಣ ಎಂಬ ಕಾರಣಕ್ಕೆ ಮೊದಲನೆಯದನ್ನು ಅನುಮಾನಿಸುವುದು ಸರಿಯಾದ ಸಂಶಯವಲ್ಲ.

ಸಿಮೆಂಟಿನ ಮಾತು ಹೊಸ ಶೀಟು ಅಲುಗದೆ ಇರುವಷ್ಟು ಕಾಲ ನಿಜ. ಮೊಳೆ ಹೊಡೆಯಲು ತೂತು ಕೊರೆದಾಗ, ಅಳತೆಗೆ ಗರಗಸ ಹಾಕಿದಾಗ, ಮಂಗ ಹಾರಿ ಒಡೆದಾಗ, ಒಡೆದ ಚೂರನ್ನು ಕೊಚ್ಚೆಗುಂಡಿಗೆ ತುಂಬಿದಾಗ ಆ ಬಿಗಿತ ಹೋಗುತ್ತದೆ. ಶೀಟು ತಯಾರಾಗುವ ಮುಂಚೆ ಮೂಟೆ ಬಿಚ್ಚುವವನಿಗಂತೂ ಅದು ಮೊದಲಿಂದಲೇ ಇಲ್ಲ. ಭಾರತ ಇಂದು ಜಗತ್ತಿನಲ್ಲೇ ಅತಿ ಹೆಚ್ಚು ಕಲ್ನಾರು ತರಿಸಿಕೊಳ್ಳುವ ದೇಶ, ವರ್ಷಕ್ಕೆ ಮೂರು ಲಕ್ಷ ಟನ್ನಿಗೂ ಮಿಕ್ಕಿ, ರಷ್ಯಾ, ಕಜಕಿಸ್ತಾನ, ಬ್ರೆಜಿಲ್‌ಗಳಿಂದ. 1986ರಿಂದ ಕಲ್ನಾರು ಗಣಿಗಾರಿಕೆಗೆ ಹೊಸ ಗುತ್ತಿಗೆ ಕೊಡುವುದನ್ನು ನಿಲ್ಲಿಸಿದ ಸರ್ಕಾರವೇ ಈ ಆಮದನ್ನು ತಡೆಯಲಿಲ್ಲ. ನೆಲದಿಂದ ತೆಗೆಯಲು ಅಪಾಯಕಾರಿಯಾದದ್ದು ಹಡಗಿನಿಂದ ಇಳಿಸಲು ಹೇಗೆ ಸಾಧುವಾಗುತ್ತದೆಯೋ ಕಾಣೆ. ಅಪಾಯಕಾರಿ ರಾಸಾಯನಿಕಗಳ ಆಮದಿಗೆ ಮುಂಚಿತ ಒಪ್ಪಿಗೆ ಕೇಳುವ ರಾಟರ್‌ಡ್ಯಾಮ್ ಒಪ್ಪಂದದ ಪಟ್ಟಿಯಲ್ಲಿ ಉಳಿದ ಐದು ಬಗೆಯ ಕಲ್ನಾರು ಸೇರಿವೆ. ಬಿಳಿಯದನ್ನು ಸೇರಿಸುವ ಪ್ರಸ್ತಾಪ ಸಭೆಯಿಂದ ಸಭೆಗೆ ಮುಂದೂಡಿಕೆಯಾಗುತ್ತಲೇ ಬಂದಿದೆ, ಏಕೆಂದರೆ ಅಲ್ಲಿ ಎಲ್ಲರೂ ಒಪ್ಪಬೇಕು. ಒಪ್ಪದವರ ಸಾಲಿನಲ್ಲಿ ಭಾರತವೂ ಕುಳಿತದ್ದಿದೆ. ಕ್ವಿಬೆಕ್‌ನ ಗಣಿಗಳಿಂದ ಜಗತ್ತಿಗೆ ಬಿಳಿ ಕಲ್ನಾರು ಮಾರಿದ ಕೆನಡಾ 2018ರಲ್ಲಿ ಅದನ್ನು ನಿಷೇಧಿಸಿತು, ಅಮೆರಿಕ 2024ರಲ್ಲಿ. ಚಾವಣಿಗೆ ಎಳೆಯೇ ಬೇಕೆಂದಿದ್ದರೆ ಅವರು ಪಾಲಿವಿನೈಲ್ ಆಲ್ಕೊಹಾಲ್, ಸೆಲ್ಯುಲೋಸ್ ಎಳೆಗಳನ್ನು ಸಿಮೆಂಟಿಗೆ ಬೆರೆಸುತ್ತಾರೆ. ಬೆಲೆ ತುಸು ಹೆಚ್ಚು. ಆ ಹೆಚ್ಚಿನ ಬೆಲೆಯನ್ನು ಮೂಟೆ ಬಿಚ್ಚುವವನ ಶ್ವಾಸಕೋಶದಿಂದ ವಸೂಲು ಮಾಡುವ ಬದಲು ಚಾವಣಿಯ ಬಿಲ್ಲಿನಲ್ಲೇ ತೋರಿಸುವುದು ಲೇಸು.

— ಹಾಗಾದರೆ ಕಬ್ಬಿಣದ ಈ ಸಂಶೋಧನೆಯಿಂದ ಪ್ರಯೋಜನವೇನು? ನಿಷೇಧಕ್ಕೆ ಅದು ಬೇಕಿಲ್ಲ ಎನ್ನುತ್ತೀರಿ. ಬಿಳಿ-ನೀಲಿ ಬೇರ್ಪಡಿಸಲು ಬರುವುದಿಲ್ಲ ಎನ್ನುತ್ತೀರಿ.

— ಈಗಾಗಲೇ ಉಸಿರಾಡಿದವರಿಗೆ ಬೇಕು. ಎಳೆ ಒಳಹೋದ ಮೇಲೆ ಕಾಯಿಲೆ ತಲೆದೋರಲು ಇಪ್ಪತ್ತರಿಂದ ನಲವತ್ತು ವರ್ಷ, ಕೆಲವೊಮ್ಮೆ ಇನ್ನೂ ಹೆಚ್ಚು. ನಾಳೆ ಬೆಳಿಗ್ಗೆ ಆಮದು ನಿಂತರೂ ನಿನ್ನೆಯವರೆಗೆ ದುಡಿದವರ ಕಾಯಿಲೆ ಬರುತ್ತಲೇ ಇರುತ್ತದೆ. ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜಿನಂತೆ ಕೆಲಸದ ಜಾಗದ ಕಲ್ನಾರಿನಿಂದ ಜಗತ್ತಿನಲ್ಲಿ ವರ್ಷಕ್ಕೆ ಎರಡು ಲಕ್ಷಕ್ಕಿಂತ ಹೆಚ್ಚು ಸಾವು ಸಂಭವಿಸುತ್ತಿವೆ. ಎಳೆಯನ್ನು ಶ್ವಾಸಕೋಶದಿಂದ ಹೊರತೆಗೆಯುವ ದಾರಿಯಿಲ್ಲ. ಆದರೆ ಕಬ್ಬಿಣವನ್ನು ದೇಹದಿಂದ ತೆಗೆಯುವುದು ವೈದ್ಯರಿಗೆ ಗೊತ್ತು; ಥಲಸ್ಸೀಮಿಯಾ ಮಕ್ಕಳಿಗೆ ಕಬ್ಬಿಣ ಇಳಿಸುವ ಔಷಧಿ ಕೊಡುತ್ತಾರೆ, ಹಿಮೊಕ್ರೊಮಟೋಸಿಸ್ ಇರುವವರಿಗೆ ರಕ್ತ ತೆಗೆಯುತ್ತಾರೆ. ತೊಯೊಕುನಿ ಅವರ ತಂಡ 2018ರಲ್ಲಿ ಇದನ್ನು ಹಿಡಿದು, ಕ್ರೊಸಿಡೊಲೈಟ್ ಚುಚ್ಚಿದ ಇಲಿಗಳಿಂದ ತಿಂಗಳುಗಟ್ಟಲೆ ಮೇಲಿಂದ ಮೇಲೆ ರಕ್ತ ತೆಗೆದು ನೋಡಿತು. ಅವು ಹೆಚ್ಚು ದಿನ ಬದುಕಿದವು, ಗಡ್ಡೆಗಳೂ ಚಿಕ್ಕವಿದ್ದವು.

— ಅದನ್ನು ಮನುಷ್ಯರ ಮೇಲೆ ಪರೀಕ್ಷಿಸಬಹುದೇ?

— ಇಲಿಯಲ್ಲಿ ಕಂಡದ್ದು ಮನುಷ್ಯನಲ್ಲಿ ಕಂಡೇ ತೀರಬೇಕೆಂದಿಲ್ಲ, ಅದರಲ್ಲೂ ಅರೆಹೊಟ್ಟೆಯ ಕಾರ್ಮಿಕನಿಂದ ರಕ್ತ ತೆಗೆಯುವುದು ಸಣ್ಣ ಮಾತಲ್ಲ. ನಮ್ಮಲ್ಲಿ ರಕ್ತಹೀನತೆಯೇ ಎಷ್ಟೋ ಜನರ ಪಾಡು. ಹಾಗಾಗಿ ಪರೀಕ್ಷೆಗೂ ಮೊದಲು, ಯಾರು ಎಷ್ಟು ವರ್ಷ ಕಲ್ನಾರಿನ ಧೂಳಿನಲ್ಲಿ ದುಡಿದರು, ಅವರ ರಕ್ತದಲ್ಲಿ ಕಬ್ಬಿಣ ಎಷ್ಟಿತ್ತು, ಆಮೇಲೆ ಅವರಿಗೆ ಏನಾಯಿತು ಎಂಬ ಪಟ್ಟಿ ಬೇಕು. 1995ರ ಜನವರಿಯಲ್ಲಿ ಸುಪ್ರೀಂ ಕೋರ್ಟು ಇಂಥ ಪಟ್ಟಿಯನ್ನೇ ಕೇಳಿತ್ತು. ಗ್ರಾಹಕ ಶಿಕ್ಷಣ ಮತ್ತು ಸಂಶೋಧನಾ ಕೇಂದ್ರ ಹೂಡಿದ ಮೊಕದ್ದಮೆಯಲ್ಲಿ, ಪ್ರತಿ ಕಲ್ನಾರು ಕಾರ್ಮಿಕನ ಆರೋಗ್ಯದ ದಾಖಲೆಯನ್ನು ಕೆಲಸಕ್ಕೆ ಸೇರಿದಂದಿನಿಂದ 40 ವರ್ಷ, ಅಥವಾ ಕೆಲಸ ಬಿಟ್ಟ ಮೇಲೆ 15 ವರ್ಷ, ಯಾವುದು ತಡವೋ ಅಲ್ಲಿಯವರೆಗೆ ಇಡಬೇಕು ಎಂದು ಅದು ಆದೇಶಿಸಿತು. ಆ ವರ್ಷ ಕೆಲಸಕ್ಕೆ ಸೇರಿದವನ 40 ವರ್ಷ 2035ಕ್ಕೆ ಮುಗಿಯುತ್ತದೆ. ಆದೇಶದಂತೆ ದಾಖಲೆ ಇಟ್ಟ ಕಾರ್ಖಾನೆಯಿದ್ದರೆ ಸಂಶೋಧಕರು ಹೋಗಿ ಮೊದಲು ಕೇಳಬೇಕಾದದ್ದು ಆ ಕಡತಗಳನ್ನು, ಇಡದ ಕಾರ್ಖಾನೆಯನ್ನು ಕೇಳಬೇಕಾದವರು ಕಾರ್ಮಿಕ ಇಲಾಖೆಯವರು.